ವಾಸುದೇವನ ಗಾದಿ

ದೊಡ್ಡವರಾಗುವುದಕ್ಕೆ ಲೋಕದಲ್ಲಿ ಹತ್ತು ದಾರಿಗಳಿವೆ. ಕೆಲವರು ಓದಿ ದೊಡ್ಡವರಾಗುತ್ತಾರೆ, ಕೆಲವರು ಹಾಡಿ ದೊಡ್ಡವರಾಗುತ್ತಾರೆ, ಇನ್ನು ಕೆಲವರು ಏನೂ ಮಾಡದೆ ಬರೀ ಎತ್ತರದ ದನಿಯಲ್ಲಿ ಮಾತಾಡಿಯೇ ದೊಡ್ಡವರಾಗುತ್ತಾರೆ. ಬೆಟಗೇರಿಯ ವಾಸುದೇವ ಮಾತ್ರ ತನ್ನ ಸೈಕಲ್ಲಿನ ಸೀಟಿನ ದೆಸೆಯಿಂದ ದೊಡ್ಡವನಾದ. ಎಪ್ಪತ್ತೆಂಟರ ದಸರೆಯಲ್ಲಿ ಸರಿಯಾಗಿ ಹನ್ನೊಂದು ದಿನ ದೊಡ್ಡವನಾಗಿದ್ದ. ಆ ಹನ್ನೊಂದು ದಿನದಲ್ಲಿ ಅವನ ಲಗ್ನ ಹೆಚ್ಚುಕಡಿಮೆ ಮುರಿದೇ ಹೋಗಿತ್ತು.

ವಾಸುದೇವ ಒಂದು ಹೈಸ್ಕೂಲಿನ ಕಾರಕೂನ. ವಯಸ್ಸು ಮೂವತ್ತಾರು. ಅಕ್ಷರ ಮುತ್ತಿನಂತೆ, ಸ್ವಭಾವ ಹಸುವಿನಂತೆ. ಅವನಲ್ಲಿ ಇದ್ದ ದೋಷ ಒಂದೇ. ತನಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಅವನ ಬಾಯಿಂದ "ನೋಡೋಣಂತ" ಎಂಬ ಒಂದು ಮಾತು ಬಿಟ್ಟು ಬೇರೆ ಬರುತ್ತಿರಲಿಲ್ಲ. ಚಹಾ ಬೇಕೇನು ಅಂದರೂ ನೋಡೋಣಂತ, ಬಡ್ತಿ ಬೇಕೇನು ಅಂದರೂ ನೋಡೋಣಂತ. ಇಪ್ಪತ್ತೈದನೆಯ ವಯಸ್ಸಿನಿಂದ ಬಂದ ಹನ್ನೆರಡು ಸಂಬಂಧಗಳಿಗೆ ಇದೇ ಉತ್ತರ ಕೊಟ್ಟಿದ್ದ. ಆ ಹನ್ನೆರಡು ಮಂದಿ ಕನ್ಯೆಯರು ಇವನು ನೋಡುವ ತನಕ ಕಾಯದೆ ಬೇರೆ ಕಡೆ ಸಂಸಾರ ಹೂಡಿ, ಮಕ್ಕಳನ್ನು ಶಾಲೆಗೆ ಸೇರಿಸಿದ್ದರು.

ಹದಿಮೂರನೆಯದು ತಾರಾಬಾಯಿ. ಲಕ್ಷ್ಮೇಶ್ವರದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರು. ಶ್ರಾವಣದಲ್ಲಿ ಕನ್ಯಾ ನೋಡಲು ಹೋದಾಗ ಅವಳು ಅವಲಕ್ಕಿ ತಂದಿಟ್ಟು, "ಖಾರ ಹೆಚ್ಚಾತೇನ್ರಿ?" ಎಂದು ಕೇಳಿದ್ದಳು. ವಾಸುದೇವ ಕಣ್ಣೀರು ಒರೆಸಿಕೊಳ್ಳುತ್ತಾ, "ಇಲ್ಲರಿ, ಭಾಳ ಚಲೋ ಅದ," ಎಂದು ಇನ್ನೊಂದು ತಟ್ಟೆ ತಿಂದಿದ್ದ. ತಾರಾಬಾಯಿ ನಕ್ಕುಬಿಟ್ಟಿದ್ದಳು. ಆ ನಗು ಎರಡು ತಿಂಗಳಿಂದ ಅವನ ಕಚೇರಿಯ ಕಡತಗಳಲ್ಲೆಲ್ಲ ಕೇಳಿಸುತ್ತಿತ್ತು. ಹುಟ್ಟಿದಾರಭ್ಯ ಮೊದಲ ಸಲ ಅವನಿಗೆ ಒಂದು ವಸ್ತು ಖಂಡಿತವಾಗಿ ಬೇಕು ಅನ್ನಿಸಿತ್ತು. ಆದರೆ ಶಿರಹಟ್ಟಿಯಲ್ಲಿ ನೌಕರಿಯಲ್ಲಿದ್ದ ಅವಳ ಅಣ್ಣ ಗೋಪಾಲರಾಯರು, "ಏನಂತೀರಿ?" ಎಂದು ಕೇಳಿದಾಗ ಇವನ ಬಾಯಿಂದ ಬಂದದ್ದು ಅದೇ ನೋಡೋಣಂತ. "ಆಗಲಿ, ದಸರಾ ಆದ ಮ್ಯಾಲೆ ನಾನ ಬೆಟಗೇರಿಗೆ ಬರ್ತೀನಿ. ಅವತ್ತು ಹೌದೋ ಅಲ್ಲೋ ಹೇಳಿಬಿಡ್ರಿ," ಎಂದು ಅವರು ಕಡೆಯ ಮಾತು ಆಡಿ ಕಳಿಸಿದ್ದರು.

ಇನ್ನು ಸೀಟಿನ ವಿಷಯ. ವಾಸುದೇವನ ಸೈಕಲ್ಲು ಅವನ ತಂದೆಯ ಕಾಲದ್ದು. ಸೀಟಿನ ಚರ್ಮ ಹರಿದು ಸ್ಪ್ರಿಂಗು ಮೇಲೆದ್ದು ಕೂತವರಿಗೆ ನೆಟ್ಟಗೆ ಕೂಡಲು ಬಿಡುತ್ತಿರಲಿಲ್ಲ. ಅದಕ್ಕೆ ತಾಯಿ ಅಂಬುಬಾಯಿ ತಮ್ಮ ಹಳೆಯ ಸೀರೆಯೊಂದನ್ನು ಕತ್ತರಿಸಿ, ಹತ್ತಿ ತುಂಬಿ, ಒಂದು ಪುಟ್ಟ ಗಾದಿ ಹೊಲಿದುಕೊಟ್ಟಿದ್ದರು. ಆಯುಧಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೇಪೂಜೆಗೆ, ಮೂರು ದಿನ ಮೊದಲು ವಾಸುದೇವ ಸೈಕಲ್ಲನ್ನು ಎಣ್ಣೆ-ಗಿಣ್ಣೆ ಹಾಕಿಸಲು ಎದುರು ಸಾಲಿನ ಜಹಾಂಗೀರನ ಸೈಕಲ್ ಅಂಗಡಿಗೆ ಬಿಟ್ಟ. ಜಹಾಂಗೀರ ಗಾದಿ ಬಿಚ್ಚಿ ಬದಿಗಿಟ್ಟ.

ಜಹಾಂಗೀರನ ಹತ್ತಿರ ಒಂದು ಬೇಟೆನಾಯಿ ಇತ್ತು. ಹಿಂದಿನ ತಿಂಗಳಷ್ಟೇ ಹರ್ತಿಯ ಮಾವನ ಮನೆಯಿಂದ ತಂದದ್ದು. ಸಣ್ಣ ನಡು, ಉದ್ದ ಮೂತಿ, ನಡೆದರೆ ನೆಲಕ್ಕೆ ಉಪಕಾರ ಮಾಡಿದಂಥ ನಡಿಗೆ. ಹೆಸರು ರಾಣಿ. ಆ ದಿನಗಳಲ್ಲಿ ರಾಣಿ ಬೆದೆಗೆ ಬಂದಿತ್ತು. ಹೆಣ್ಣುನಾಯಿ ಬೆದೆಗೆ ಬಂದರೆ ಯಾರೂ ಡಂಗುರ ಸಾರಬೇಕಾಗಿಲ್ಲ. ಅದು ಕೂತ ನೆಲ, ಮಲಗಿದ ಚಾಪೆ, ಒದ್ದೆ ಮಾಡಿದ ಮೂಲೆ ಎಲ್ಲವೂ ವಾಸನೆಯ ಮೂಲಕ ಊರಿಗೆ ಸುದ್ದಿ ಹೇಳುತ್ತವೆ. ಜಹಾಂಗೀರ ಅದಕ್ಕೆ ಮುಂಡರಗಿ ಕಡೆಯ ಒಂದು ಬೇಟೆನಾಯಿಯ ಸಂಬಂಧ ನೋಡಿದ್ದ. ಓಣಿಯ ಪುಂಡರ ಕಣ್ಣು ಬೀಳಬಾರದೆಂದು ರಾಣಿಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಟ್ಟಿ, ವಾಸನೆ ಹೊರಗೆ ಹೋಗದಂತೆ ಬಾಗಿಲಲ್ಲಿ ಹೊತ್ತೂ ಹೊತ್ತೂ ಲೋಬಾನದ ಹೊಗೆ ಹಾಕುತ್ತಿದ್ದ. ಇಷ್ಟು ಜಾಗರೂಕನಾದವನು ಒಂದನ್ನು ಮರೆತ. ರಾಣಿ ಬರೀ ನೆಲದ ಮೇಲೆ ಮಲಗುವ ಜಾತಿಯಲ್ಲ. ಅದು ವಾಸುದೇವನ ಗಾದಿಯನ್ನು ಹಲ್ಲಿನಿಂದ ಎಳೆದುಕೊಂಡು ಮೂರು ಹಗಲು ಮೂರು ರಾತ್ರಿ ಅದರ ಮೇಲೆಯೇ ಪವಡಿಸಿತು.

ಬುಧವಾರ ಖಂಡೇಪೂಜೆಯ ಸಂಜೆ ಮೂವತ್ತು ಸೈಕಲ್ಲುಗಳ ಗಡಿಬಿಡಿ. ಜಹಾಂಗೀರ ಗಾದಿಯನ್ನು ಎರಡು ಸಲ ಝಾಡಿಸಿ, ಸೀಟಿಗೆ ಬಿಗಿದು, ಚೆಂಡುಹೂವಿನ ಮಾಲೆ ಹಾಕಿ ಕಳಿಸಿದ. ಸೈಕಲ್ಲು ಮೂಲೆ ತಿರುಗುವಾಗ ಒಂದು ಕರಿ ನಾಯಿ ಮೂಗು ಮೇಲೆತ್ತಿ ಅದರ ಹಿಂದೆ ಹೊರಟದ್ದನ್ನು ಕಂಡು ಹಣೆ ಬಡಿದುಕೊಂಡ. ಆದರೆ ದಿನಾ ಎರಡು ಹೊತ್ತು ಸಂಧ್ಯಾವಂದನೆ ಮಾಡುವ ವಾಸುದೇವರಾಯರಿಗೆ "ನೀವು ಕೂತದ್ದು ನನ್ನ ನಾಯಿಯ ಹಾಸಿಗೆ" ಎಂದು ಹೇಳುವುದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡ.

ಆ ನಾಳೆಯೇ ವಿಜಯದಶಮಿಯ ಬನ್ನಿಹಬ್ಬ. ಊರೆಲ್ಲ ಹೊಸ ಬಟ್ಟೆ ತೊಟ್ಟು ಬನ್ನಿ ಕೊಡಲು ಬೀದಿಗೆ ಬಂದಿತ್ತು. ವಾಸುದೇವ ಜೇಬಿನ ತುಂಬ ಬನ್ನಿಯೆಲೆ ತುಂಬಿಕೊಂಡು ಸೈಕಲ್ಲಿನ ಮೇಲೆ ಮೊದಲು ರಾಮಚಂದ್ರ ಮಾಸ್ತರ ಮನೆಗೆ ಹೋದ. ಮಾಸ್ತರು ಸಂಸ್ಕೃತ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಯಾವ ಸಂಗತಿ ನಡೆದರೂ ಅದರ ಅರ್ಥ ಹೇಳುವ ಹಕ್ಕು ಅವರದು. ವಾಸುದೇವ ಸೈಕಲ್ಲು ನಿಲ್ಲಿಸಿ, ಬನ್ನಿ ಕೊಟ್ಟು, ಕಾಲಿಗೆ ಬೀಳಲು ಬಗ್ಗಿದ. ಮಾಸ್ತರು ಥಟ್ಟನೆ ಕಾಲು ಹಿಂದೆ ತೆಗೆದುಕೊಂಡರು.

"ನಿಲ್ಲು ವಾಸುದೇವಾ! ನಿನ್ನ ಹಿಂದ ಯಾರು ನಿಂತಾರ ನೋಡು."

ವಾಸುದೇವ ತಿರುಗಿ ನೋಡಿದ. ನಾಲ್ಕು ನಾಯಿಗಳು. ಒಂದು ಕರಿದು, ಒಂದು ಕೆಂಪು, ಒಂದು ಬಿಳಿ, ಇನ್ನೊಂದು ಮೂರೂ ಬಣ್ಣದ್ದು. ನಾಲ್ಕೂ ಅವನ ಧೋತರದ ಹಿಂಭಾಗವನ್ನೇ ಭಕ್ತಿಯಿಂದ ನೋಡುತ್ತಿದ್ದವು. ಸಣ್ಣವನಿದ್ದಾಗಿನಿಂದ ನಾಯಿ ಅಂದರೆ ವಾಸುದೇವನಿಗೆ ಜೀವಭಯ. ಅವನ ಕೈಕಾಲು ನಡುಗತೊಡಗಿದವು.

"ಮಾಸ್ತರ, ಹಚಾ ಅನ್ರಿ. ನನಗ ನಾಯಿ ಅಂದ್ರ..."

"ಬಾಯಿ ತಪ್ಪಿ ಹಚಾ ಅನಬ್ಯಾಡ! ಇವತ್ತು ಯಾವ ವಾರ?"

"ಗುರುವಾರ."

"ನಾಯಿ ಎಷ್ಟವ?"

"ನಾಕು."

"ಗುರುವಾರ. ನಾಕು ನಾಯಿ. ಮೈಯಾಗ ಕಂಪ ಬ್ಯಾರೆ ಬಂದದ. ಇನ್ನೂ ತಿಳೀಲಿಲ್ಲೇನು?" ಮಾಸ್ತರು ಕಣ್ಣು ತೇಲಿಸಿ ಕೈಮುಗಿದರು. "ದತ್ತಾತ್ರೇಯನ ಪಾದದ ಹತ್ರ ಇರೂ ನಾಕು ನಾಯಿ ಅಂದ್ರ ನಾಕು ವೇದ! ಆ ವೇದಗಳು ಇವತ್ತು ನಿಮ್ಮ ಬೆನ್ನ ಹತ್ತಿ ಬಂದಾವ. ನೀವು ನನಗ ನಮಸ್ಕಾರ ಮಾಡಬಾರದು!"

ಒಂದೇ ಮಾತಿನೊಳಗೆ ನೀನು ಹೋಗಿ ನೀವು ಆಗಿತ್ತು. ಮೂರು ಮುಖ, ಹಿಂದೊಂದು ಆಕಳು, ಕಾಲಡಿ ನಾಲ್ಕು ನಾಯಿ ಇರುವ ದತ್ತನ ಪಟ ಓಣಿಯ ಹತ್ತು ಮನೆಗಳಲ್ಲಿ ಎಂಟರ ಪಡಸಾಲೆಯಲ್ಲಿ ತೂಗುತ್ತಿತ್ತು. ಬನ್ನಿ ಕೊಡಲು ಬಂದವರೆಲ್ಲ ಪಟವನ್ನು ನೆನೆದು, ನಾಯಿಗಳನ್ನು ಎಣಿಸಿ, ವಾಸುದೇವನನ್ನು ನೋಡಿ ತಪ್ಪದೆ ಕೈಮುಗಿದರು.

"ಏನು ಸಾಧನಾ ಮಾಡ್ತೀರಿ?" ಎಂದು ಮಾಸ್ತರು ಕೇಳಿದರು.

ಇಲ್ಲಿ ವಾಸುದೇವ ಎಡವಿದ. ಏನೂ ಮಾಡುವುದಿಲ್ಲ ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಓಣಿಯ ಹಿರಿಯರು ಯಾರೂ ಅವನಿಗೆ ನೀವು ಅಂದಿರಲಿಲ್ಲ. ಕಚೇರಿಯ ಜವಾನ ಕೂಡ ಅರ್ಧ ಏಕವಚನದಲ್ಲಿಯೇ ಮುಗಿಸುತ್ತಿದ್ದ. "ಅಂಥಾದ್ದೇನಿಲ್ರಿ. ದಿನಾ ಮಧ್ಯಾಹ್ನ ಒಂದು ತಾಸು ಕಣ್ಣು ಮುಚ್ಚಿ ಕೂಡ್ತೀನಿ, ಅಷ್ಟ," ಎಂದ. ಇದು ಸುಳ್ಳಲ್ಲ. ಊಟವಾದ ಮೇಲೆ ಕುರ್ಚಿಯಲ್ಲಿ ನಿದ್ದೆ ಮಾಡುವುದು ಅವನ ಹತ್ತು ವರ್ಷದ ವ್ರತ.

ಮರುದಿನದಿಂದ ಮನೆಯ ಮುಂದೆ ಮಂದಿ ಸೇರತೊಡಗಿದರು. ವಾಸುದೇವ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ನಾಯಿಗಳಿಗೆ ಹೆದರಿ ಎತ್ತರದ ಕಟ್ಟೆಯ ಮೇಲೆಯೇ ಕೂತಿರುತ್ತಿದ್ದ. ಅಂಬುಬಾಯಿಗೆ ಮಗನ ಭಾಗ್ಯ ಕಂಡು ಸೆರಗಿನ ತುಂಬ ಕಣ್ಣೀರು. ನಾಯಿಗಳಿಗೆ ಆರತಿ ಎತ್ತಿ ಅನ್ನ-ಸಾರು ಹಾಕಿದರು. ನಾಯಿಗಳು ಅನ್ನಕ್ಕೆ ಅಷ್ಟು ಲಕ್ಷ್ಯ ಕೊಡಲಿಲ್ಲ. ಬದಲು ಒಂದೊಂದಾಗಿ ಹೋಗಿ ಅಂಗಳದ ಎಂಟೂ ದಿಕ್ಕಿನ ಕಂಬ, ಕಲ್ಲು, ತುಳಸಿಕಟ್ಟೆಗಳ ಬುಡದಲ್ಲಿ ಕಾಲೆತ್ತಿ ಬಂದವು. ಅಂಬುಬಾಯಿ ಹೌಹಾರಿದರು.

"ಗಾಬರಿಯಾಗಬ್ಯಾಡ್ರಿ," ಎಂದರು ಮಾಸ್ತರು. "ಇದಕ್ಕ ದಿಗ್ಬಂಧನ ಅಂತಾರ. ದುಷ್ಟಶಕ್ತಿ ಒಳಗ ಬರದಂಗ ಗಡಿ ಹಾಕ್ಲಿಕ್ಕತ್ತಾವ."

ಶನಿವಾರ ನಾಯಿಗಳು ಆರಾದವು. ನಾಲ್ಕು ವೇದಕ್ಕೆ ಆರು ನಾಯಿ ಹೇಗೆ ಎಂದು ಒಬ್ಬರು ಕೇಳಿದ್ದಕ್ಕೆ ಮಾಸ್ತರು, "ವೇದ ಮುಗದ್ವು, ಶಾಸ್ತ್ರ ಸುರುವಾದ್ವು. ಷಟ್ಶಾಸ್ತ್ರ ಅಂದ್ರ ಆರು," ಎಂದು ಬೆರಳು ಮಡಚಿ ತೋರಿಸಿದರು. ಅದೇ ಹೊತ್ತಿಗೆ ಊರಿನ ಸ್ವಚ್ಛತೆ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಕೊಟ್ರಪ್ಪ ಕೈಯಲ್ಲಿ ಕೋಲು ಹಿಡಿದು ಬಂದ.

"ಈ ಆರೂ ನಾಯಿ ನಿಮ್ಮುವೇನ್ರಿ?" ಎಂದು ವಾಸುದೇವನನ್ನು ಕೇಳಿದ.

"ನನ್ನುವಲ್ರಿ," ಎಂದ ವಾಸುದೇವ ಪ್ರಾಮಾಣಿಕವಾಗಿ.

"ಕೇಳಿದೇನು ಆ ಮಾತು?" ಎಂದು ಮಾಸ್ತರು ಗುಡುಗಿದರು. "ನನ್ನದು ಅನ್ನೂ ಮಮಕಾರನ ಇಲ್ಲ! ಕೊಟ್ರಪ್ಪಾ, ನೀ ಹಿಡೀಲಿಕ್ಕೆ ಬಂದಿದ್ದು ನಾಯಿ ಅಲ್ಲೋ, ಶಾಸ್ತ್ರ!"

ಕೊಟ್ರಪ್ಪ ಸರಕಾರದ ನೌಕರಿಯಲ್ಲಿ ನಾಯಿ ಹಿಡಿದಿದ್ದ, ಹಂದಿ ಹಿಡಿದಿದ್ದ. ಶಾಸ್ತ್ರ ಹಿಡಿಯುವ ಬಗ್ಗೆ ಅವನಿಗೆ ಮೇಲಿನಿಂದ ಯಾವ ಆದೇಶವೂ ಇರಲಿಲ್ಲ. ಕೋಲು ಕೆಳಗಿಟ್ಟು ಅಡ್ಡಬಿದ್ದ.

ಜಹಾಂಗೀರ ಇದನ್ನೆಲ್ಲ ಅಂಗಡಿಯಿಂದ ನೋಡುತ್ತಲೇ ಇದ್ದ. ಇನ್ನು ತಡೆದರೆ ಪಾಪ ಎಂದು ಧೈರ್ಯ ಮಾಡಿ ಮಂದಿಯ ನಡುವೆ ನುಗ್ಗಿ ಬಂದ.

"ರಾಯರ, ನಿಮ್ಮ ಜೋಡಿ ಒಂದ ಮಾತೈತ್ರಿ. ಖಾಸಗಿ."

"ಇವರಿಗೆ ಇನ್ನ ಖಾಸಗಿ ಅನ್ನೂದು ಉಳದಿಲ್ಲ. ಇಲ್ಲೇ ಹೇಳು," ಎಂದರು ಮಾಸ್ತರು.

ಜಹಾಂಗೀರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇದೆಲ್ಲಾ ಆ ಗಾದಿ ಪ್ರಭಾವ ರೀ."

ಮಂದಿ ಇನ್ನಷ್ಟು ಹತ್ತಿರ ಸರಿದರು. ನಮ್ಮ ಕಡೆ ಹತ್ತಿ ತುಂಬಿ ಹೊಲಿದದ್ದಕ್ಕೂ ಗಾದಿ ಅಂತಾರೆ, ಮಠದ ಗುರುಗಳು ಏರುವ ಪೀಠಕ್ಕೂ ಗಾದಿ ಅಂತಾರೆ. ಜಹಾಂಗೀರ ಹೇಳಿದ್ದು ಮೊದಲನೆಯದು. ಮಂದಿ ಕೇಳಿದ್ದು ಎರಡನೆಯದು.

"ಯಾವ ಗಾದಿ?" ಮಾಸ್ತರ ದನಿ ತಗ್ಗಿತು.

"ರಾಯರು ಕುಂಡ್ರೂ ಗಾದಿ ರೀ. ಅದರ ಮ್ಯಾಲೆ ಮೂರ ದಿವಸ ರಾಣಿ ಕುಂತಿದ್ಲು."

"ಯಾವಾಗ?"

"ನವರಾತ್ರ್ಯಾಗ ರೀ. ಖಂಡೇಪೂಜಿ ಮುಂಚೆ ಮೂರ ದಿವಸ."

"ನೀ ಖರೇನ ಕಣ್ಣಾರೆ ನೋಡಿದಿ?"

"ನೋಡೂದೇನ್ರಿ! ನಾನ ಹಾಲು ಅನ್ನಾ ಹಾಕೀನಿ. ಮಾಡಿದ್ದು ಸರಿ ಅಲ್ಲ, ಮಾಫ್ ಮಾಡ್ರಿ. ಆ ಗಾದಿ ಬಿಟ್ಟಬಿಡ್ರಿ ರಾಯರ, ಆಮ್ಯಾಲೆ ಒಂದ ನಾಯಿನೂ ನಿಮ್ಮ ಹಿಂದ ಬರೂದಿಲ್ಲ."

ಮಾಸ್ತರು ಎರಡೂ ಕೈ ಮೇಲೆತ್ತಿದರು. "ರಾಣಿ ಅಂದ್ರ ರಾಜರಾಜೇಶ್ವರಿ! ನವರಾತ್ರಿಯ ಕಡೀ ಮೂರು ದಿವಸ ಸಾಕ್ಷಾತ್ ದೇವಿ ಇವರ ಗಾದಿ ಮ್ಯಾಲೆ ಕೂತಾಳ! ಜಹಾಂಗೀರಗ ದರ್ಶನ ಆಗೇದ, ನೈವೇದ್ಯ ಅರ್ಪಿಸ್ಯಾನ! ಇನ್ನ ಆ ಗಾದಿ ಯಾರೂ ಮುಟ್ಟಬ್ಯಾಡ್ರಿ, ಒಗೀಬ್ಯಾಡ್ರಿ, ಬಿಸಲಿಗೂ ಇಡಬ್ಯಾಡ್ರಿ!"

ಸುತ್ತಲಿನ ಹೆಂಗಸರು ಈಗ ಜಹಾಂಗೀರನಿಗೂ ಕೈಮುಗಿದರು. ಅವನು "ತೋಬಾ ತೋಬಾ" ಎನ್ನುತ್ತಾ ಓಡಿಹೋಗಿ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡ. ವಾಸುದೇವನಿಗೂ ರಾಣಿ ಯಾರೆಂದು ಗೊತ್ತಾಗಲಿಲ್ಲ. ಅಲ್ಲೊಂದು ನಾಯಿ ಬಂದಿದೆ ಎಂದು ಕೇಳಿದಂದಿನಿಂದ ಅವನು ಭಯಕ್ಕೆ ಆ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ, ಅದರ ಹೆಸರೂ ಕೇಳಿರಲಿಲ್ಲ.

ಎಂಟನೆಯ ದಿನ, ಗುರುವಾರ, ನಾಯಿಗಳು ಹದಿನೆಂಟಾದವು. ಗದಗಿನಿಂದಲೂ ನಾಲ್ಕು ಬಂದಿದ್ದವು ಅಂತ ಸುದ್ದಿ. "ಅಷ್ಟಾದಶ ಪುರಾಣ!" ಎಂದು ಮಾಸ್ತರು ಘೋಷಿಸುವಷ್ಟರಲ್ಲಿ ಪುರಾಣಗಳು ಒಂದರ ಕಿವಿ ಒಂದು ಕಚ್ಚಿ ಹಿಡಿದು ಅಂಗಳದಲ್ಲಿ ಹೊರಳಾಡತೊಡಗಿದವು. "ಹೆದರಬ್ಯಾಡ್ರಿ, ಇದು ಜಗಳ ಅಲ್ಲ. ವೇದಕ್ಕೂ ಪುರಾಣಕ್ಕೂ ವಾದ ನಡದದ," ಎಂದು ಮಾಸ್ತರು ಜಗಲಿಯ ಮೇಲೆ ಹತ್ತಿ ನಿಂತು ಸಮಾಧಾನ ಹೇಳಿದರು. ಅಂಥ ಗಳಿಗೆಯಲ್ಲಿ ಶಿರಹಟ್ಟಿಯ ಬಸ್ಸಿನಿಂದಿಳಿದು ಗೋಪಾಲರಾಯರು ಬಂದರು.

ವಾಸುದೇವ ಅವರನ್ನು ಕಂಡು ಎದ್ದು ನಿಂತ. ಎಂಟು ದಿನದಿಂದ ನಮಸ್ಕಾರ ತೆಗೆದುಕೊಳ್ಳುವ ಸಡಗರದಲ್ಲಿ ಅವನಿಗೆ ಈ ದಿನ ಮರೆತಿರಲಿಲ್ಲ. ಹೌದು ಎಂಬ ಒಂದು ಮಾತನ್ನು ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ. ಆದರೆ ಗೋಪಾಲರಾಯರು ಮಂದಿಯನ್ನು ನೋಡಿದರು, ನಾಯಿಗಳನ್ನು ನೋಡಿದರು, ಮಾಸ್ತರ ಬಾಯಿಂದ ಎಲ್ಲ ಕೇಳಿದರು. ಕೇಳಿ ಮುಗಿಯುತ್ತಲೇ ಉದ್ದಕ್ಕೆ ಅಡ್ಡಬಿದ್ದರು.

"ನಮ್ಮದು ತಪ್ಪಾತ್ರಿ. ಇಂಥಾ ಮಹಾತ್ಮರನ್ನ ಸಂಸಾರಕ್ಕ ಕಟ್ಟಿಹಾಕ್ಲಿಕ್ಕೆ ಹೊಂಟಿದ್ವಿ. ನಮ್ಮ ತಂಗಿಗೆ ಬ್ಯಾರೆ ಕಡೆ ನೋಡ್ತೀವಿ. ತಾವು ಸಿಟ್ಟಾಗಬಾರದು."

ವಾಸುದೇವ ಅವರನ್ನು ತಡೆಯಲು ಕೈ ಚಾಚಿದ. ರೂಢಿ ಮಾಡಿಕೊಂಡಿದ್ದ ಹೌದು ಹೇಳಲು ಬಾಯಿ ತೆರೆದ. ಗಾಬರಿಯಲ್ಲಿ ಬಾಯಿಂದ ಹಳೆಯ ಮಾತೇ ಜಾರಿತು. "ನೋಡೋಣಂತ."

"ನೋಡ್ರಿ, ಎಷ್ಟು ನಿರ್ಲಿಪ್ತ!" ಎಂದು ಗೋಪಾಲರಾಯರು ಇನ್ನೊಮ್ಮೆ ಅಡ್ಡಬಿದ್ದು ಸಂಜೆಯ ಬಸ್ಸಿಗೆ ಹೋಗಿಯೇಬಿಟ್ಟರು.

ಮಂದಿ ಚದುರಿದ ಮೇಲೆ ಅಂಬುಬಾಯಿ ಒಲೆಯ ಮುಂದೆ ಕೂತು ಬಹಳ ಹೊತ್ತು ವಿಚಾರ ಮಾಡಿದರು. ಆಮೇಲೆ ಮಗನನ್ನು ಕರೆದರು.

"ವಾಸು, ದತ್ತಾತ್ರೇಯಗ ಹೆಂಡತಿ ಇದ್ದಾಳೇನೋ?"

"ಇಲ್ಲವ್ವಾ."

"ಮಕ್ಕಳು, ಮೊಮ್ಮಕ್ಕಳು?"

"ಅವೂ ಇಲ್ಲ."

"ಹಂಗಾದ್ರ ನೀ ದೇವರಾಗೂದು ನನಗ ಬ್ಯಾಡಪಾ. ನಾಳಿಂದ ಬಿಟ್ಟಬಿಡು."

ದೇವರಾಗುವುದು ಸುಲಭ, ಬಿಡುವುದು ಕಷ್ಟ. ಶುಕ್ರವಾರ ವಾಸುದೇವ ಸಂಪ್ರದಾಯಸ್ಥರು ಕಣ್ಣೆತ್ತಿ ನೋಡದ ಹೋಟೆಲ್ಲಿನ ಮುಂದೆ ನಿಂತು, ನಾಲ್ಕು ಮಂದಿಗೆ ಕಾಣುವಂತೆ ಉಳ್ಳಾಗಡ್ಡಿ ಜೊತೆ ಎಂಟು ಮಿರ್ಚಿಭಜಿ ತಿಂದ. ಮಾಸ್ತರು ಕಣ್ಣು ಒದ್ದೆ ಮಾಡಿಕೊಂಡು, "ಅವಧೂತರಿಗೆ ವಿಧಿ-ನಿಷೇಧ ಇರೂದಿಲ್ಲ," ಎಂದರು. ಅವತ್ತು ಸಂಜೆಯೊಳಗೆ ಆ ಹೋಟೆಲ್ಲಿನ ಮಿರ್ಚಿಭಜಿ ಪ್ರಸಾದವಾಯಿತು. ಶನಿವಾರ ಒಂದು ಬೀಡಿ ಸೇದಿ ಕೆಮ್ಮಿದ. ಆ ಹೊಗೆಯನ್ನು ಇಬ್ಬರು ಕಣ್ಣಿಗೆ ಒತ್ತಿಕೊಂಡರು. ಕಡೆಗೆ ತಲೆಕೆಟ್ಟು, ಕಾಲ ಬಳಿ ಕೂತಿದ್ದ ಕೊಟ್ರಪ್ಪನಿಗೆ, "ಎದ್ದು ಮನಿಗೆ ಹೋಗ್ರೀ ಮೊದಲ!" ಎಂದು ಒದರಿದ. ಕೊಟ್ರಪ್ಪ ಹೋದ. ಹೋಗಿ ನೋಡಿದರೆ, ಜಗಳಾಡಿ ಕಳಸಾಪುರದ ತವರಿಗೆ ಹೋಗಿದ್ದ ಹೆಂಡತಿ ಅದೇ ಆಗ ಗಂಟು ಹಿಡಿದು ವಾಪಸು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಂತಾಯಿತು ವಾಸುದೇವನ ಪರಿಸ್ಥಿತಿ. ಅವನು ಜಾರಿಕೊಳ್ಳಲು ನೋಡಿದಷ್ಟೂ ಮಂದಿ ಮೇಲಕ್ಕೆ ಎತ್ತಿ ಕೂಡಿಸುತ್ತಿದ್ದರು.

ಹನ್ನೊಂದನೆಯ ದಿನ ಭಾನುವಾರ. ಬೆಳಗಿನ ಹನ್ನೊಂದರ ಸುಮಾರಿಗೆ ಲಕ್ಷ್ಮೇಶ್ವರದ ಬಸ್ಸಿನಿಂದ ಒಬ್ಬಳೇ ಇಳಿದು ತಾರಾಬಾಯಿ ಬಂದಳು. ಬಿಸಿಲಿಗೆ ಕೆಂಪಾದ ಮುಖ, ಕೈಯಲ್ಲಿ ಒಂದು ಚೀಲ. ಮಂದಿಯನ್ನು ಸರಿಸಿ ನೆಟ್ಟಗೆ ಕಟ್ಟೆಯ ಮೇಲೆ ಕೂತ ವಾಸುದೇವನ ಮುಂದೆ ನಿಂತಳು. ಚೀಲದಿಂದ ಒಂದು ಖಣ, ರವಿಕೆಯ ಬಟ್ಟೆ, ತೆಗೆದಳು.

"ಕನ್ಯಾ ನೋಡ್ಲಿಕ್ಕೆ ಬಂದಾಗ ನಿಮ್ಮ ತಾಯಿ ಉಡಿಗೆ ಹಾಕಿದ ಖಣ. ಸಂಬಂಧ ಮುರದ ಮ್ಯಾಲೆ ಇಟಗೊಬಾರದು, ಕೊಡ್ಲಿಕ್ಕೆ ಬಂದೀನಿ. ಒಂದು ಮಾತು ಹೇಳಿ ಹೋಗ್ತೀನಿ. ನಾ ಬ್ಯಾಡಾಗಿದ್ರ ಒಂದು ಕಾರ್ಡು ಬರದ್ರ ಸಾಕಿತ್ತು. ದೇವರನ್ಯಾಕ ನಡುವ ತಂದ್ರಿ?"

ವಾಸುದೇವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅವಳು ಅಷ್ಟು ದೂರದಿಂದ ಬಂದದ್ದು ಸಿಟ್ಟಿನಿಂದ ಎಂದು ಉಳಿದವರಿಗೆ ಕಂಡಿತು. ಅವನಿಗೆ ಮಾತ್ರ ಆ ದನಿಯಲ್ಲಿದ್ದ ನೋವು ಕೇಳಿಸಿತು. "ಬ್ಯಾಡಾಗಿಲ್ರಿ," ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೊಬ್ಬಳಿಗೇ ಮುಟ್ಟಿತು.

"ಅವಧೂತರ ಜೋಡಿ ಹಂಗ ಮಾತಾಡಬಾರದು ತಾಯಿ," ಎಂದರು ಮಾಸ್ತರು. "ಸುತ್ತ ನೋಡು, ಹದಿನೆಂಟೂ ಪುರಾಣ ಕಾವಲಿಗೆ ಕೂತಾವ."

ತಾರಾಬಾಯಿ ಸುತ್ತ ನೋಡಿದಳು. ತರಗತಿಯಲ್ಲಿ ಕಪ್ಪೆ ಕೊಯ್ದು ತೋರಿಸುವ ಹೆಣ್ಣು, ನೋಡುವುದೆಂದರೆ ನೋಡುವುದೇ. ಒಂದೊಂದೇ ನಾಯಿಯನ್ನು ಹಿಂದೆ ಮುಂದೆ ಪರೀಕ್ಷಿಸಿದಳು.

"ಹದಿನೆಂಟರಾಗ ಒಂದೂ ಹೆಣ್ಣಿಲ್ಲಲ್ರೀ ಮಾಸ್ತರ?"

ಮಾಸ್ತರು ಬಗ್ಗಿ ನೋಡಿದರು. ಪುರಾಣಗಳನ್ನು ಅವರು ಆ ಕಡೆಯಿಂದ ಎಂದೂ ನೋಡಿರಲಿಲ್ಲ.

"ಇನ್ನೊಂದು ಮಾತು. ಗುರುಗಳು ಇಲ್ಲೆ ಕಟ್ಟಿ ಮ್ಯಾಲೆ ಕೂತಾರ. ಶಿಷ್ಯರು ಯಾಕ ಅಲ್ಲೆ ಸೈಕಲ್ ಸುತ್ತ ಕೂತಾರ?"

ಹೌದಲ್ಲ! ಎಲ್ಲರೂ ಆಗ ನೋಡಿದರು. ತಾರಾಬಾಯಿ ಸೈಕಲ್ಲಿನ ಹತ್ತಿರ ಹೋಗಿ, ದಾರ ಬಿಚ್ಚಿ, ಗಾದಿಯನ್ನು ಎರಡು ಬೆರಳಿನಲ್ಲಿ ಎತ್ತಿದಳು. "ಸ್ವಲ್ಪ ಹಿಡೀರಿ," ಎಂದು ಮಾಸ್ತರ ಕಡೆ ಚಾಚಿದಳು. ಮಾಸ್ತರು ಧನ್ಯರಾದವರಂತೆ ಉತ್ತರೀಯ ಒಡ್ಡಿ ಗಾದಿಯನ್ನು ತೆಗೆದುಕೊಂಡು ತಲೆಯ ಮೇಲೆ ಇಟ್ಟುಕೊಂಡರು.

ಹದಿನೆಂಟು ನಾಯಿಗಳೂ ಒಟ್ಟಿಗೆ ಎದ್ದವು. ಮಾಸ್ತರು ಒಂದು ಹೆಜ್ಜೆ ಹಿಂದಿಟ್ಟರು, ನಾಯಿಗಳು ಎರಡು ಹೆಜ್ಜೆ ಮುಂದಿಟ್ಟವು. ಮಾಸ್ತರು ಧೋತರ ಎತ್ತಿಕೊಂಡು ಬೀದಿಗೆ ಓಡಿದರು. ಗಾದಿ ಬಿಸಾಡಲು ಭಕ್ತಿ ಬಿಡಲಿಲ್ಲ, ಇಟ್ಟುಕೊಳ್ಳಲು ನಾಯಿಗಳು ಬಿಡಲಿಲ್ಲ. ಅಂಗಳದಿಂದ ಕೊಟ್ರಪ್ಪ ಗಟ್ಟಿಯಾಗಿ ಕೂಗಿದ.

"ಗಾದಿ ಮಾಸ್ತರಿಗೆ ಹೋತೋ!"

ಮಂದಿಗೆ ಎಲ್ಲವೂ ತಿಳಿಯಿತು. ಹಳೆಯ ಗುರುಗಳು ಎಲ್ಲರ ಎದುರಿಗೇ ಗಾದಿ ಬಿಟ್ಟುಕೊಟ್ಟು ಹೊಸಬರನ್ನು ಕೂಡಿಸಿದ್ದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಜೈ ಜೈ ಎನ್ನುತ್ತಾ ಇಡೀ ಗುಂಪು ನಾಯಿಗಳ ಹಿಂದೆ ಓಡಿತು. ಮಾಸ್ತರು ಮೂಲೆಯ ತನಕ ಜೀವಭಯದಿಂದ ಓಡಿದರಂತೆ. ಜಯಕಾರ ಕಿವಿಗೆ ಬಿದ್ದ ಮೇಲೆ ಅವರ ನಡಿಗೆ ತಾನಾಗಿ ನಿಧಾನವಾಯಿತಂತೆ. ನೋಡಿದವರು ಹೇಳಿದ ಮಾತು.

ಅಂಗಳ ಖಾಲಿಯಾಯಿತು. ಪಕ್ಕದ ಮನೆಯ ಮಗ್ಗದ ಸದ್ದು ಹನ್ನೊಂದು ದಿನದ ಮೇಲೆ ಮತ್ತೆ ಕೇಳಿಸಿತು. ಇದೇ ತಕ್ಕ ಸಮಯವೆಂದು ಜಹಾಂಗೀರ ರಸ್ತೆ ದಾಟಿ ಬಂದು, ಆ ಗಾದಿ ಮೂರು ದಿನ ತನ್ನ ಅಂಗಡಿಯಲ್ಲಿತ್ತು ಎಂದ.

"ಆ ಗಾದಿ ಮ್ಯಾಲೆ ಯಾವ ಪ್ರಾಣಿ ಮಲಗಿತ್ತು?" ಎಂದು ತಾರಾಬಾಯಿ ಅವನನ್ನೇ ಕೇಳಿದಳು.

"ರಾಣಿ ರೀ ಬಾಯಾರ. ನನ್ನ ನಾಯಿ. ಬೆದಿಗಿ ಬಂದೈತ್ರಿ," ಎಂದ ಜಹಾಂಗೀರ ನೆಲ ನೋಡುತ್ತಾ. "ಹೇಳಾಕ ಬಂದ್ರ ಯಾರೂ ಕೇಳಲಿಲ್ರಿ."

ಅಂಬುಬಾಯಿ ನಾಯಿಗಳಿಗೆ ಎತ್ತಿದ ಆರತಿಯನ್ನು ನೆನೆದು "ಅಯ್ಯ ರಾಮಾ" ಎಂದು ತಲೆಗೆ ಕೈಹಚ್ಚಿ ಕೂತರು. ವಾಸುದೇವ ತನ್ನ ಧೋತರದ ಹಿಂಭಾಗವನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.

"ನಾಯಿಗೆ ಮೂಗಂದ್ರ ಕಣ್ಣಿಗಿಂತ ಹೆಚ್ಚು," ಎಂದಳು ತಾರಾಬಾಯಿ. ನಾಚಿಕೆ ಬಂದಿತ್ತು, ಆದರೆ ಪಾಠ ಹೇಳುವಾಗ ನಾಚಿಕೆ ಇಟ್ಟುಕೊಳ್ಳುವ ರೂಢಿ ಇರಲಿಲ್ಲ. "ಹೆಣ್ಣು ಬೆದಿಗೆ ಬಂದಾಗ ಅದರ ಮೂತ್ರದಾಗ ಬ್ಯಾರೆನ ಒಂದು ವಾಸನಿ ಇರ್ತದ. ಅದು ಊರ ಗಂಡುನಾಯಿಗೆಲ್ಲ ಲಗ್ನಪತ್ರಿಕಿ ಕಳಿಸಿದಂಗ. ಪತ್ರಿಕಿ ಸೀಟಿಗೆ ಕಟಗೊಂಡು ನೀವು ಊರ ತಿರಗೀರಿ."

"ಮತ್ತ ಆ ದಿಗ್ಬಂಧನ?" ಎಂದು ಅಂಬುಬಾಯಿ ಕೇಳಿದರು. "ತುಳಸಿಕಟ್ಟಿಗೆ ಕಾಲೆತ್ತಿದ್ದು?"

"ಅದು ಗಂಡಿನ ಜವಾಬು. ನಾನೂ ಬಂದೀನಿ, ನಾನೂ ಗಟ್ಟಿ ಅದೀನಿ ಅಂತ ಒಂದರ ವಾಸನಿ ಮ್ಯಾಲೆ ಇನ್ನೊಂದು ತನ್ನ ವಾಸನಿ ಬಿಡ್ತದ."

"ಹಾಜರಿ ಪುಸ್ತಕದಾಗ ಸಹಿ ಮಾಡಿದಂಗ," ಎಂದ ವಾಸುದೇವ. ಕಾರಕೂನನಿಗೆ ವಿಷಯ ಥಟ್ಟನೆ ಹೊಳೆದಿತ್ತು. ತಾರಾಬಾಯಿಯ ತುಟಿಯಂಚಿನಲ್ಲಿ ನಗು ಬಂದು ಹೋಯಿತು.

"ಆದ್ರ ಬಾಯಾರ," ಎಂದು ಜಹಾಂಗೀರ ತನ್ನ ಮನೆಯ ಹೆಣ್ಣಿನ ಮಾನ ಕಾಯಲು ಮುಂದಾದ, "ಮೊದಲ ಎಂಟ-ಹತ್ತ ದಿವಸ ಅದು ಬರೇ ಖಬರ ಕೊಡತೈತ್ರಿ. ಯಾರನೂ ಹತ್ರ ಬಿಟ್ಟಗೊಳ್ಳೂದಿಲ್ಲ. ಬಂದವರನ್ನೆಲ್ಲ ನೋಡಿ, ಆಮ್ಯಾಲೆ ತನಗ ಬೇಕಾದಾಗ ಹೂಂ ಅಂತೈತಿ."

ತಾರಾಬಾಯಿ ವಾಸುದೇವನ ಕಡೆ ತಿರುಗಿದಳು. ಖಣ ಇನ್ನೂ ಅವಳ ಕೈಯಲ್ಲೇ ಇತ್ತು.

"ಅದಕ್ಕ ಅಕ್ಷರ ಬರೂದಿಲ್ಲ, ಮಾತು ಬರೂದಿಲ್ಲ. ಕೋಣ್ಯಾಗ ಕಟ್ಟಿಹಾಕಿದ್ರೂ ತನಗ ಏನು ಬೇಕು ಅನ್ನೂದನ್ನ ಊರಿಗೆಲ್ಲಾ ತಿಳಿಸ್ತು. ನಿಮಗ ಎರಡೂ ಬರ್ತಾವಲ್ರೀ?"

ವಾಸುದೇವ ಕಟ್ಟೆಯಿಂದ ಇಳಿದ. ಹಾಳು ನೋಡೋಣಂತ ಬಾಯಿಯ ತನಕ ಬಂದಿತ್ತು. ಅದನ್ನು ಕಷಾಯದಂತೆ ಗಟಕ್ಕನೆ ನುಂಗಿದ. ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಜಹಾಂಗೀರನನ್ನು ನೋಡಿದ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮೂವತ್ತಾರು ವರ್ಷ ಆಡದೆ ಉಳಿದ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದ.

"ನನಗ ತಾರಾಬಾಯಿನ ಬೇಕು! ನಾ ಲಗ್ನಾ ಮಾಡಿಕೊಂಡ್ರ ಇವರನ್ನ ಮಾಡಿಕೊಳ್ಳಾಂವ! ನಾ ಗುರು ಅಲ್ಲ, ಅವಧೂತ ಅಲ್ಲ, ನನಗ ಸಂಸಾರ ಬೇಕು!"

ಪಕ್ಕದ ಮನೆಯ ಮಗ್ಗ ನಿಂತಿತು. ಎದುರಿನ ಕಿಟಕಿಯಲ್ಲಿ ಎರಡು ತಲೆ ಕಾಣಿಸಿದವು. ಜಹಾಂಗೀರ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದ. ಅಂಬುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾಕ್ಕೆ ಇಡಲು ಒಳಗೆ ಹೋದರು. ವಾಸುದೇವ ಕಣ್ಣು ತೆರೆಯಲೋ ಬೇಡವೋ ಎಂದು ಹೆದರುತ್ತಾ ತೆರೆದ.

ತಾರಾಬಾಯಿ ಖಣ ಕೊಡಲಿಲ್ಲ. ಅದರ ಮಡಿಕೆ ಬಿಚ್ಚಿ, ಬಿಸಿಲಿಗೆ ಹಿಡಿದು, ಬಣ್ಣ ನೋಡಿದಳು, ಅಂಚು ನೋಡಿದಳು.

"ನಿಮ್ಮ ಓಣ್ಯಾಗ ಕುಬಸಾ ಚಲೋ ಹೊಲಿಯೋರು ಯಾರದಾರ್ರಿ?" ಎಂದು ಕೇಳಿದಳು.